ಮೊದಲ ಪಾಲು ಮನೆಯ ತಟ್ಟೆಗೆ: ಸ್ವಾವಲಂಬಿ ಬದುಕಿನ ಕನಸು ಮತ್ತು ಲೆಕ್ಕ



ದತ್ತಿ ಉಪನ್ಯಾಸಕ್ಕೆ ಕರೆದ ಸಂಸ್ಥೆ ವಿಷಯದ ಆಯ್ಕೆಯನ್ನೂ ನನಗೇ ಬಿಟ್ಟಿದೆ. ನಾನು ಆರಿಸಿಕೊಂಡಿರುವುದು ಇತ್ತೀಚಿನ ವರ್ಷಗಳಲ್ಲಿ ಎಲ್ಲರ ಬಾಯಲ್ಲೂ ಕೇಳಿಬರುವ ಒಂದು ಆಸೆಯನ್ನು. ಎರಡೆಕರೆ ಜಮೀನು, ಒಂದು ಬಾವಿ, ಒಂದು ಹಸು, ಮನೆಗೆ ಬೇಕಾದದ್ದನ್ನೆಲ್ಲ ಮನೆಯವರೇ ಬೆಳೆದುಕೊಳ್ಳುವ ಬದುಕು. ನಗರದಲ್ಲಿ ಸಂಬಳಕ್ಕೆ ದುಡಿಯುವ ಮೂವತ್ತರ ಯುವಕನೂ ಈ ಮಾತಾಡುತ್ತಾನೆ, ನಿವೃತ್ತಿಯ ಅಂಚಿನಲ್ಲಿರುವ ಅಧಿಕಾರಿಯೂ ಆಡುತ್ತಾರೆ. ಈ ಆಸೆಯನ್ನು ಗೇಲಿ ಮಾಡಲು ನಾನು ಬಂದಿಲ್ಲ. ಹೊಗಳಿ ಕಳಿಸಿಬಿಡುವುದೂ ಸರಿಯಲ್ಲ. ಅದನ್ನು ಲೆಕ್ಕಕ್ಕೆ ಹಚ್ಚಿ ನೋಡೋಣ ಎಂಬುದಷ್ಟೇ ನನ್ನ ಉದ್ದೇಶ.

ಉಪನ್ಯಾಸವನ್ನು ನಾಲ್ಕು ಭಾಗ ಮಾಡಿಕೊಂಡಿದ್ದೇನೆ. ಈ ಕನಸು ಕಂಡ ಹಿರಿಯರು ನಿಜಕ್ಕೂ ಹೇಗೆ ಬದುಕಿದರು ಎಂಬುದು ಮೊದಲನೆಯದು. ಒಂದು ಕುಟುಂಬದ ಊಟಕ್ಕೆ ಎಷ್ಟು ನೆಲ ಬೇಕು ಎಂಬ ಲೆಕ್ಕ ಎರಡನೆಯದು. ನಮ್ಮ ಹೊಲ ಮತ್ತು ಹಿತ್ತಲುಗಳು ಈ ಪ್ರಶ್ನೆಯನ್ನು ಹೇಗೆ ಬಿಡಿಸಿಕೊಂಡಿದ್ದವು ಎಂಬುದು ಮೂರನೆಯದು. ಕೊನೆಯದಾಗಿ, ಈ ಕನಸಿನಿಂದ ಹೊರಗೇ ಉಳಿದವರ ಮಾತು.

ಮೊದಲ ಭಾಗಕ್ಕೆ ಬರುತ್ತೇನೆ.

ಸ್ವಾವಲಂಬಿ ಬದುಕೆಂದ ಕೂಡಲೇ ಓದಿದವರ ನೆನಪಿಗೆ ಬರುವುದು ಅಮೆರಿಕದ ಹೆನ್ರಿ ಡೇವಿಡ್ ಥೋರೋ. 1845ರ ಜುಲೈನಲ್ಲಿ ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ಊರಿನ ಬಳಿ, ವಾಲ್ಡನ್ ಕೊಳದ ದಂಡೆಯ ಮೇಲೆ ತಾನೇ ಕಟ್ಟಿಕೊಂಡ ಗುಡಿಸಲಿಗೆ ಆತ ಹೋಗಿ ನೆಲೆಸಿದ. ಎರಡು ವರ್ಷಕ್ಕೂ ಮೀರಿ ಅಲ್ಲಿದ್ದ. ಜಾಗ ಅವನ ಮಿತ್ರ ಎಮರ್ಸನ್‌ನದು. ಥೋರೋನ ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಅವನ ಖರ್ಚುವೆಚ್ಚದ ಪಟ್ಟಿ. ಎರಡೂವರೆ ಎಕರೆಯಷ್ಟು ನೆಲದಲ್ಲಿ ಹೆಚ್ಚಿನ ಭಾಗಕ್ಕೆ ಹುರುಳಿಕಾಯಿ ಜಾತಿಯ ಕಾಳನ್ನು ಬಿತ್ತಿದ. ಮೊದಲ ವರ್ಷದ ಬೇಸಾಯದಲ್ಲಿ ಖರ್ಚು ಕಳೆದು ಅವನ ಕೈಗೆ ಉಳಿದದ್ದು 8 ಡಾಲರ್ ಎಪ್ಪತ್ತೊಂದೂವರೆ ಸೆಂಟು. ಹಾಗೆ ಬೆಳೆದ ಕಾಳನ್ನು ಅವನು ತಿಂದದ್ದು ಕಡಿಮೆ, ಮಾರಿದ್ದೇ ಹೆಚ್ಚು. ಬದಲಿಗೆ ಅಕ್ಕಿ ಕೊಂಡ. ಭಾರತದ ತತ್ತ್ವಜ್ಞಾನವನ್ನು ಪ್ರೀತಿಸುವವನು ಅನ್ನವನ್ನೇ ಉಣ್ಣುವುದು ತಕ್ಕದ್ದೆಂದು ತಮಾಷೆಯಾಗಿ ಬರೆದುಕೊಂಡ. ಆ ಅಕ್ಕಿ ಕಾಂಕರ್ಡಿನಲ್ಲಿ ಬೆಳೆಯುವಂಥದ್ದಲ್ಲ, ದೂರದಿಂದ ಅಂಗಡಿಗೆ ಬಂದದ್ದು.

ಮುಂದಿನ ಶತಮಾನದಲ್ಲಿ ಹೆಲೆನ್ ಮತ್ತು ಸ್ಕಾಟ್ ನಿಯರಿಂಗ್ ದಂಪತಿ 1932ರಲ್ಲಿ ನ್ಯೂಯಾರ್ಕ್ ನಗರ ಬಿಟ್ಟು ವರ್ಮಾಂಟ್ ಗುಡ್ಡಗಳಿಗೆ ಹೋದರು. ಕಲ್ಲಿನ ಮನೆ ಕಟ್ಟಿದರು, ತರಕಾರಿ ಬೆಳೆದರು, 1954ರಲ್ಲಿ ಆ ಬದುಕಿನ ಬಗ್ಗೆ ಪುಸ್ತಕ ಬರೆದರು. ಅವರ ಕೈಗೆ ರೊಕ್ಕ ತಂದದ್ದು ಮೇಪಲ್ ಮರದ ರಸದಿಂದ ಕಾಯಿಸಿದ ಪಾಕ ಮತ್ತು ಸಕ್ಕರೆ. ಜಪಾನಿನ ಮಸನೊಬು ಫುಕುವೋಕಾ ಉಳದೆ, ಗೊಬ್ಬರ ಸುರಿಯದೆ ಭತ್ತ ಮತ್ತು ಬಾರ್ಲಿ ಬೆಳೆದು ಲೋಕಕ್ಕೆ ಗುರುವಾದರು. ಅವರ ಗುಡ್ಡದ ಮೇಲಿದ್ದದ್ದು ಕಿತ್ತಳೆ ತೋಟ, ಹಣ್ಣು ಹೋಗುತ್ತಿದ್ದದ್ದು ಮಾರುಕಟ್ಟೆಗೆ. ಫುಕುವೋಕಾ ವಿಚಾರಗಳನ್ನು ‘ಸಹಜ ಕೃಷಿ’ಯ ಮೂಲಕ ಕನ್ನಡಿಗರಿಗೆ ತಲುಪಿಸಿದ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ಬೆಳೆದದ್ದು ಕಾಫಿ.

ಇವರನ್ನೆಲ್ಲ ಹಿಡಿದುಹಾಕಿದೆ ಎಂದು ಬೀಗಲು ಈ ಪಟ್ಟಿ ಕೊಡುತ್ತಿಲ್ಲ. ಇವರಲ್ಲಿ ಯಾರೂ ಏನನ್ನೂ ಬಚ್ಚಿಟ್ಟಿರಲಿಲ್ಲ. ಮುಚ್ಚಿಟ್ಟದ್ದು ಅವರ ಮೇಲೆ ಕಥೆ ಕಟ್ಟಿದ ನಾವು. ಯಾರಿಂದಲೂ ಏನನ್ನೂ ಕೊಳ್ಳದ, ಯಾರಿಗೂ ಏನನ್ನೂ ಮಾರದ ಬದುಕನ್ನು ಅವರ ಹೆಸರಿಗೆ ಅಂಟಿಸಿದೆವು. ಅವರು ಮಾಡಿದ್ದು ಬೇರೆ. ಏನನ್ನು ಕೊಳ್ಳಬೇಕು, ಎಷ್ಟು ಮಾರಬೇಕು ಎಂಬ ತೀರ್ಮಾನವನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡರು.

ಗಾಂಧೀಜಿಯವರ ದಾರಿಯನ್ನೂ ಇಲ್ಲೇ ನೋಡಬಹುದು. 1904ರಲ್ಲಿ ಡರ್ಬನ್ ಬಳಿ ಫೀನಿಕ್ಸ್ ಆಶ್ರಮ ಶುರುವಾಯಿತು. 1910ರಲ್ಲಿ ಗೆಳೆಯ ಕ್ಯಾಲೆನ್‌ಬಾಕ್ ಬಿಟ್ಟುಕೊಟ್ಟ 1,100 ಎಕರೆಯಲ್ಲಿ ಜೋಹಾನ್ಸ್‌ಬರ್ಗ್ ಬಳಿ ಟಾಲ್‌ಸ್ಟಾಯ್ ಫಾರ್ಮ್ ಎದ್ದಿತು. ಅಲ್ಲಿ ಚಪ್ಪಲಿ ಹೊಲಿದರು, ಬಡಗಿ ಕೆಲಸ ಮಾಡಿದರು, ಕೈಬೀಸುಕಲ್ಲಿನಲ್ಲಿ ಹಿಟ್ಟು ಬೀಸಿದರು. ಇಷ್ಟೆಲ್ಲ ಮಾಡಿ ನೋಡಿದ ಗಾಂಧೀಜಿ 1942ರಲ್ಲಿ ‘ಹರಿಜನ’ ಪತ್ರಿಕೆಯಲ್ಲಿ ಗ್ರಾಮ ಸ್ವರಾಜ್ಯದ ಚಿತ್ರ ಬರೆದಾಗ ಮುಖ್ಯ ಅಗತ್ಯಗಳಿಗೆ ಹಳ್ಳಿ ಯಾರ ಬಾಗಿಲಿಗೂ ಹೋಗಬಾರದು ಎಂದರು. ಮಿಕ್ಕ ಹಲವು ವಿಷಯಗಳಲ್ಲಿ ಪರಸ್ಪರ ಅವಲಂಬನೆ ಇದ್ದೇ ಇರಬೇಕು ಎಂದೂ ಸೇರಿಸಿದರು. ಅವರು ಲೆಕ್ಕ ಹಿಡಿದದ್ದು ಹಳ್ಳಿಯನ್ನು, ಒಂಟಿ ಮನೆಯನ್ನಲ್ಲ ಎಂಬುದನ್ನು ಗಮನಿಸಬೇಕು.

ಈಗ ಎರಡನೆಯ ಭಾಗ, ತಟ್ಟೆಯ ಲೆಕ್ಕ. ವಿದ್ಯಾರ್ಥಿಗಳು ಬರೆದುಕೊಳ್ಳುವುದಾದರೆ ಬರೆದುಕೊಳ್ಳಬಹುದು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ದಿನಕ್ಕೆ 2,000 ಕಿಲೋಕ್ಯಾಲರಿ ಬೇಕಾದ ಒಬ್ಬರಿಗೆ ಸೂಚಿಸುವ ಊಟದ ತಟ್ಟೆಯಲ್ಲಿ ಸುಮಾರು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ ಮತ್ತು ಸೊಪ್ಪು, 27 ಗ್ರಾಂ ಎಣ್ಣೆ, 300 ಮಿಲಿಲೀಟರ್ ಹಾಲು ಇರುತ್ತವೆ. ಮೈಮುರಿದು ದುಡಿಯುವವರಿಗೆ ಇದಕ್ಕಿಂತ ಹೆಚ್ಚೇ ಬೇಕು. ಆದರೂ ಇದನ್ನೇ ಹಿಡಿದುಕೊಂಡು ನಾಲ್ಕು ಜನರ ಮನೆಯೊಂದನ್ನು ಎಣಿಸೋಣ.

ಧಾನ್ಯ ದಿನಕ್ಕೆ ಒಂದು ಕಿಲೋ, ವರ್ಷಕ್ಕೆ 365 ಕಿಲೋ. ಮಳೆಯಾಶ್ರಯದಲ್ಲಿ ಎಕರೆಗೆ ಆರೇಳು ಕ್ವಿಂಟಾಲ್ ರಾಗಿ ಬಂದರೆ ಇದಕ್ಕೆ ಇಪ್ಪತ್ತರಿಂದ ಇಪ್ಪತ್ತೈದು ಗುಂಟೆ ಬೇಕು. ಬೇಳೆಕಾಳು ವರ್ಷಕ್ಕೆ 124 ಕಿಲೋ. ಎಕರೆಗೆ ಎರಡೂವರೆ, ಮೂರು ಕ್ವಿಂಟಾಲ್ ತೊಗರಿ ಎಂದರೆ ಹದಿನೆಂಟು, ಇಪ್ಪತ್ತು ಗುಂಟೆ. ಎಣ್ಣೆ ವರ್ಷಕ್ಕೆ ಸುಮಾರು 40 ಕಿಲೋ. ಗಾಣಕ್ಕೆ ಹಾಕಲು ಒಂದೂವರೆ ಕ್ವಿಂಟಾಲಿನಷ್ಟು ಕಡಲೆಕಾಯಿ ಬೇಕು, ಅದಕ್ಕೆ ಇನ್ನೊಂದು ಹದಿನೈದು, ಹದಿನೆಂಟು ಗುಂಟೆ. ತರಕಾರಿ ವರ್ಷಕ್ಕೆ 584 ಕಿಲೋ. ಕೇಳಲು ದೊಡ್ಡ ಸಂಖ್ಯೆ, ಆದರೆ ನೀರಿದ್ದರೆ ಇದಕ್ಕೆ ಮೂರ್ನಾಲ್ಕು ಗುಂಟೆ ಸಾಕು. ಎಲ್ಲ ಕೂಡಿದರೆ ಹೆಚ್ಚುಕಡಿಮೆ ಒಂದೂಮುಕ್ಕಾಲು ಎಕರೆ. ಹಾಲಿಗೆ ಹಸು ಕಟ್ಟಿದರೆ ದಿನಕ್ಕೆ ಹದಿನೈದು, ಇಪ್ಪತ್ತು ಕಿಲೋ ಹಸಿಮೇವು, ಐದಾರು ಕಿಲೋ ಒಣಮೇವು ಹೊಂದಿಸಬೇಕು. ರಾಗಿಹುಲ್ಲು ಒಣಮೇವಿಗೆ ಆದೀತು, ಹಸಿಮೇವಿಗೆ ಮತ್ತಷ್ಟು ನೆಲ ಬೇಕು. ಅಲ್ಲಿಗೆ ಎರಡು ಎಕರೆ ದಾಟಿತು.

2015–16ರ ಕೃಷಿ ಗಣತಿಯ ಪ್ರಕಾರ ದೇಶದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣ 1.08 ಹೆಕ್ಟೇರ್, ಅಂದರೆ ಎರಡು ಎಕರೆ ಇಪ್ಪತ್ತೇಳು ಗುಂಟೆ. ಒಳ್ಳೆಯ ಮಳೆಯ ವರ್ಷದಲ್ಲಿ ಸರಾಸರಿ ರೈತನ ಜಮೀನು ಒಂದು ಕುಟುಂಬದ ಹೊಟ್ಟೆ ತುಂಬಿಸಿ ಚೂರು ಉಳಿಸುತ್ತದೆ. ಆ ಚೂರಿನಿಂದ ಮಕ್ಕಳ ಫೀಸು, ಔಷಧಿ, ಬಟ್ಟೆ, ಕರೆಂಟ್ ಬಿಲ್ಲು, ಮದುವೆ ಎಲ್ಲವೂ ಹೊರಡಬೇಕು. ಮಳೆ ಕೈಕೊಟ್ಟ ವರ್ಷದಲ್ಲಿ ಈ ಲೆಕ್ಕ ಮಾಡುವ ಅಗತ್ಯವೇ ಬೀಳುವುದಿಲ್ಲ.

ಈ ಲೆಕ್ಕದಲ್ಲಿ ಆಶೆ ಹುಟ್ಟಿಸುವ ಅಂಶವೊಂದಿದೆ. ಧಾನ್ಯ, ಕಾಳು, ಎಣ್ಣೆ ಸೇರಿ ಅರವತ್ತಮೂರು ಗುಂಟೆಯವರೆಗೂ ನುಂಗಿದರೆ ತರಕಾರಿಗೆ ಬೇಕಾದದ್ದು ನಾಲ್ಕೇ ಗುಂಟೆ. ತೂಕದಲ್ಲಿ ತಟ್ಟೆಯ ಅತಿ ದೊಡ್ಡ ಪಾಲು ಅತಿ ಕಡಿಮೆ ನೆಲದಿಂದ ಬರುತ್ತದೆ. ಬೇಗ ಬಾಡುವುದು, ವಿಷ ಸಿಂಪಡಣೆಯ ಭಯ ಹೆಚ್ಚಿರುವುದು, ದರ ದಿನಕ್ಕೊಂದಾಗುವುದು ಕೂಡ ಈ ಪಾಲೇ.

ಚರಿತ್ರೆಯೂ ಇದನ್ನೇ ಹೇಳುತ್ತದೆ. ಎರಡನೆಯ ಮಹಾಯುದ್ಧದ ನಡುವೆ ಅಮೆರಿಕದ ಜನ ಅಂಗಳ, ಪಾರ್ಕು, ಶಾಲೆಯ ಮೈದಾನಗಳಲ್ಲೆಲ್ಲ ‘ವಿಜಯದ ತೋಟ’ಗಳನ್ನು ಮಾಡಿದರು. 1943ರ ಸುಮಾರಿಗೆ ಅಂಥವು ಎರಡು ಕೋಟಿಯಷ್ಟಿದ್ದವು, ದೇಶದ ತಾಜಾ ತರಕಾರಿಯ ಶೇಕಡಾ 40ರಷ್ಟನ್ನು ಕೊಟ್ಟವು ಎಂಬ ಅಂದಾಜಿದೆ. ಗೋಧಿ ಮಾತ್ರ ಬಯಲು ಸೀಮೆಯ ದೊಡ್ಡ ಹೊಲಗಳಿಂದಲೇ ಬರುತ್ತಿತ್ತು. ಸೋವಿಯತ್ ಒಕ್ಕೂಟ 1991ರಲ್ಲಿ ಕುಸಿದು ಅಲ್ಲಿಂದ ಬರುತ್ತಿದ್ದ ಇಂಧನ ತೈಲ, ಗೊಬ್ಬರ ನಿಂತುಹೋದಾಗ ಕ್ಯೂಬಾದ ಹವಾನಾ ನಗರ ಖಾಲಿ ನಿವೇಶನಗಳಲ್ಲಿ ಸೊಪ್ಪುತರಕಾರಿ ಬೆಳೆದು ಉಸಿರು ಹಿಡಿಯಿತು. ಅಲ್ಲಿಯೂ ಧಾನ್ಯ ಹಡಗಿನಿಂದ ಇಳಿಯುವುದು ನಿಲ್ಲಲಿಲ್ಲ. ನಮ್ಮಲ್ಲಿ 1965ರ ಆಹಾರದ ಬಿಕ್ಕಟ್ಟಿನಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಸರ್ಕಾರಿ ಬಂಗಲೆಯ ಹುಲ್ಲುಹಾಸನ್ನು ಉಳುಮೆ ಮಾಡಿಸಿದರು. ಅದರಿಂದ ದೇಶದ ಕಣಜ ತುಂಬಲಿಲ್ಲ, ಜನಕ್ಕೆ ಒಂದು ಮಾದರಿ ಸಿಕ್ಕಿತು.

ಬೆಂಗಳೂರಿನ ತಾರಸಿ ತೋಟದವರಿಗೂ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ‘ಊಟ ಫ್ರಮ್ ಯುವರ್ ತೋಟ’ ಎಂಬ ಹೆಸರಿನಲ್ಲಿ ಅವರು ಸೇರಿ ನಡೆಸುವ ಸಂತೆಗಳಲ್ಲಿ ಬೀಜ, ಸಸಿ, ಎರೆಗೊಬ್ಬರ ಕೈ ಬದಲಾಯಿಸುತ್ತವೆ. ಮೂವತ್ತು ನಲವತ್ತರ ಸೈಟಿನ ತಾರಸಿಯಿಂದ ಮುದ್ದೆಗೆ ರಾಗಿ ಬರುವುದಿಲ್ಲ. ಮುದ್ದೆಗೆ ಬೇಕಾದ ಬಸ್ಸಾರಿನ ಸೊಪ್ಪು ಧಾರಾಳವಾಗಿ ಬರುತ್ತದೆ. ಅಷ್ಟು ಬಂದರೆ ಅದು ಚಿಕ್ಕ ಸಾಧನೆಯಲ್ಲ.

ಇನ್ನು ಮೂರನೆಯ ಭಾಗ. ನಮ್ಮ ಹಿರಿಯರು ಕಾಗದ ಪೆನ್ಸಿಲು ಹಿಡಿಯದೆ ಈ ಲೆಕ್ಕವನ್ನು ಹೊಲದಲ್ಲೇ ಮಾಡಿದ್ದರು. ಅದಕ್ಕೆ ಹಳೇ ಮೈಸೂರು ಸೀಮೆಯಲ್ಲಿರುವ ಹೆಸರು ಅಕ್ಕಡಿ, ಅಂದರೆ ರಾಗಿಯ ಸಾಲುಗಳ ನಡುವೆ ಕಾಳಿನ ಸಾಲು ಬಿತ್ತುವ ಪದ್ಧತಿ.

ಅಕ್ಕಡಿ ಬಿತ್ತನೆಯನ್ನು ಹತ್ತಿರದಿಂದ ನೋಡಿದವರು ಮರೆಯುವುದಿಲ್ಲ. ಮುಂದೆ ಎತ್ತಿನ ಜೋಡಿ, ಅದರ ಹಿಂದೆ ಕೂರಿಗೆ. ಕೂರಿಗೆಯ ಬಟ್ಟಲಿಗೆ ಒಬ್ಬರು ಬೆರಳ ಸಂದಿಯಿಂದ ರಾಗಿ ಬಿಡುತ್ತಾ ಹೋಗುತ್ತಾರೆ, ಕಾಳು ಬಿದಿರ ಕೊಳವೆಗಳಲ್ಲಿ ಇಳಿದು ಸಾಲು ಸಾಲಾಗಿ ಮಣ್ಣಿಗೆ ಬೀಳುತ್ತದೆ. ಕೂರಿಗೆಗೆ ಹಗ್ಗ ಕಟ್ಟಿ ಎಳೆದುಕೊಂಡು ಬರುವ ಒಂಟಿ ಕೊಳವೆ ಸಡ್ಡೆ. ಅದನ್ನು ಹಿಡಿದು ನಡೆಯುವ ಹೆಂಗಸಿನ ಮಡಿಲಲ್ಲಿ ಅವರೆ, ತೊಗರಿ, ಅಲಸಂದೆ ಬೆರೆತಿರುತ್ತವೆ. ನಾಲ್ಕು ಹೆಜ್ಜೆಗೆ ಅವರೆ, ನಡುವೆ ತೊಗರಿ, ಅಲ್ಲೊಂದು ಇಲ್ಲೊಂದು ಅಲಸಂದೆ. ರಾಗಿಯ ಹಲವು ಸಾಲಿಗೆ ಅಕ್ಕಡಿಯ ಒಂದು ಸಾಲು. ಬದುವಿನ ಅಂಚಿಗೆ ಹರಳು, ಜೋಳ, ಹುಚ್ಚೆಳ್ಳು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ರಾಗಿಯ ಜೊತೆ ಅವರೆ, ತೊಗರಿಯ ಸಾಲು ಬಿತ್ತುವುದನ್ನು ತನ್ನ ಪ್ರವಾಸ ಕಥನದಲ್ಲಿ ದಾಖಲಿಸಿದ್ದಾನೆ. ಪದ್ಧತಿ ಅಷ್ಟು ಹಳೆಯದು.

ಇದರ ಹಿಂದಿನ ಜಾಣ್ಮೆಯನ್ನು ಬಿಡಿಸಿ ಹೇಳಬೇಕು. ಎಲ್ಲ ಬೆಳೆಯೂ ಒಂದೇ ದಿನ ಕೊಯ್ಲಿಗೆ ಬರುವುದಿಲ್ಲ. ಅಲಸಂದೆ ಮೊದಲು, ಕಾರ್ತಿಕದ ಹೊತ್ತಿಗೆ ರಾಗಿ, ಸಂಕ್ರಾಂತಿಯ ಆಸುಪಾಸಿಗೆ ಸೊಗಡಿನ ಅವರೆಕಾಯಿ, ಅದರ ಜೊತೆಗೋ ಹಿಂದೆಯೋ ತೊಗರಿ. ಒಂದೇ ಬಿತ್ತನೆಯ ಹೊಲ ತಿಂಗಳುಗಟ್ಟಲೆ ಅಡುಗೆಮನೆಗೆ ಬಾಗಿಲು ತೆರೆದಿರುತ್ತದೆ. ದ್ವಿದಳ ಬೆಳೆಯ ಬೇರುಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ. ಮಧ್ಯದಲ್ಲಿ ಮಳೆ ಹೋದರೆ ರಾಗಿ ಸೊರಗೀತು, ಆಳಕ್ಕೆ ಬೇರು ಬಿಟ್ಟ ತೊಗರಿ ನಿಂತೀತು. ನಾನು ಆಗಲೇ ಧಾನ್ಯಕ್ಕೆ ಇಷ್ಟು, ಕಾಳಿಗೆ ಇಷ್ಟು ಎಂದು ಬೇರೆ ಬೇರೆ ಗುಂಟೆ ಬರೆದೆನಲ್ಲ, ಅಕ್ಕಡಿಯ ಹೊಲದಲ್ಲಿ ಅವೆರಡೂ ಒಂದೇ ಗುಂಟೆಯಲ್ಲಿ ಕೂಡಿಕೊಳ್ಳುತ್ತವೆ.

ಬೆಳೆದದ್ದನ್ನು ಕಾಪಾಡುವ ವಿದ್ಯೆಯೂ ಇದರ ಭಾಗ. ರಾಗಿಯನ್ನು ನೆಲದೊಳಗಿನ ಹಗೇವಿಗೆ ಸುರಿದು ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬರ ಬಂದಾಗ ಹಗೇವು ತೆಗೆಯುತ್ತಿದ್ದರು. ಅವರೆ, ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸಿದರೆ ಹುಳು ಹತ್ತುವುದಿಲ್ಲ. ಬೀಜಕ್ಕೆ ಬೂದಿ, ಬೇವಿನ ಸೊಪ್ಪು, ಸೋರೆ ಬುರುಡೆ. ಈ ವಿದ್ಯೆಯೆಲ್ಲ ಹೆಂಗಸರ ಕೈಯಲ್ಲಿತ್ತು.

ಮಲೆನಾಡು, ಕರಾವಳಿಗೆ ಬಂದರೆ ಹೊಲದ ಜಾಗಕ್ಕೆ ಹಿತ್ತಲು ಬರುತ್ತದೆ. ಬಚ್ಚಲ ನೀರು ಹರಿಯುವ ಕಡೆ ಬಸಳೆ ಚಪ್ಪರ, ಜೌಗಿಗೆ ಕೆಸು, ಬೇಲಿಗೆ ನುಗ್ಗೆ, ನೆರಳಿಗೆ ಸುವರ್ಣಗೆಡ್ಡೆ, ಮಳೆಗಾಲಕ್ಕೆ ಹೀರೆ, ಸೌತೆ, ಬೆಂಡೆ. ಹೊರಗೆ ಅಡಿಕೆ ಮಾರಿ ದುಡ್ಡು, ಒಳಗೆ ಹಿತ್ತಲಿನ ಪದಾರ್ಥ. ಈ ಜೋಡಣೆ ಈಗ ಸಡಿಲವಾಗಿದೆ. ಮಂಗನ ಕಾಟಕ್ಕೆ ಬೇಸತ್ತು ಹಿತ್ತಲು ಬಿಟ್ಟವರು ಬಹಳ. ಅಡಿಕೆಗೆ ಬೆಲೆ ಬಂದಾಗ ಗದ್ದೆಯನ್ನೂ ತೋಟ ಮಾಡಿದವರು ಬಹಳ. ಹತ್ತೆಕರೆ ತೋಟವಿರುವ ಮನೆಗೆ ವಾರದ ಸಂತೆಯಿಂದ ಕೋಸು, ಟೊಮೆಟೊ ಬರುತ್ತದೆ. ಬಯಲುಸೀಮೆಯ ರೈತರೂ ರೇಷ್ಮೆಗೋ ಮುಸುಕಿನ ಜೋಳಕ್ಕೋ ಹೊಲವನ್ನು ಪೂರ್ತಿ ಒಪ್ಪಿಸಿ ಬೇಳೆಯನ್ನು ಅಂಗಡಿಯಿಂದ ತರುತ್ತಾರೆ.

ಹಾಗೆಂದು ಎಲ್ಲವೂ ಮುಗಿದಿಲ್ಲ. ಶಿರಸಿ ಭಾಗದಲ್ಲಿ ‘ವನಸ್ತ್ರೀ’ ಬಳಗದ ಹೆಂಗಸರು ಹಿತ್ತಲಿನ ಬೀಜಗಳನ್ನು ಉಳಿಸಿ ಹಂಚುತ್ತಿದ್ದಾರೆ. ‘ಸಹಜ ಸಮೃದ್ಧ’ದವರು ದೇಸಿ ತಳಿಗಳಿಗೆ ಬೀಜಮೇಳ ನಡೆಸುತ್ತಾರೆ. ಉಡುಪಿ ಜಿಲ್ಲೆಯ ಚೇರ್ಕಾಡಿ ರಾಮಚಂದ್ರ ರಾಯರು ಚಿಕ್ಕ ಹಿಡುವಳಿಯಲ್ಲಿ ಉಳುಮೆಯಿಲ್ಲದೆ ಭತ್ತ ಬೆಳೆದು, ಚರಕ ತಿರುಗಿಸಿ ಬದುಕಿ ತೋರಿಸಿದರು. ದೊಡ್ಡಬಳ್ಳಾಪುರದ ಎಲ್. ನಾರಾಯಣ ರೆಡ್ಡಿಯವರು 2019ರಲ್ಲಿ ತೀರಿಕೊಳ್ಳುವವರೆಗೂ ಸಾವಯವ ಬೇಸಾಯವನ್ನು ಊರೂರಿಗೆ ಹೋಗಿ ಕಲಿಸಿದರು. ಇವರ ಹೊಲಗಳು ಪಾಠಶಾಲೆಗಳಾದದ್ದು ಬಂದವರಿಗೆಲ್ಲ ಬಾಗಿಲು ತೆರೆದಿದ್ದರಿಂದ.

ಕೊನೆಯ ಭಾಗಕ್ಕೆ ಬಂದಿದ್ದೇನೆ. ಇಲ್ಲಿಯವರೆಗೆ ಹೇಳಿದ್ದರಲ್ಲಿ ಒಂದು ಅಪಾಯವಿದೆ. ಹಳೆಯ ಹಳ್ಳಿ ಸ್ವರ್ಗವಾಗಿತ್ತೆಂದು ನೀವು ತಿಳಿದು ಎದ್ದುಹೋಗಬಾರದು.

1830ರಲ್ಲಿ ಚಾರ್ಲ್ಸ್ ಮೆಟ್‌ಕಾಫ್ ಎಂಬ ಬ್ರಿಟಿಷ್ ಅಧಿಕಾರಿ ಭಾರತದ ಹಳ್ಳಿಗಳನ್ನು ತಮ್ಮಲ್ಲೇ ಎಲ್ಲ ಇರುವ ಪುಟ್ಟ ಗಣರಾಜ್ಯಗಳೆಂದು ವರ್ಣಿಸಿದ. ಆ ಚಿತ್ರವನ್ನು ಅನೇಕರು ಮೆಚ್ಚಿದರು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುತ್ತಾ ಬಾಬಾಸಾಹೇಬ್ ಅಂಬೇಡ್ಕರ್ ಇದನ್ನು ಕಟುವಾಗಿ ತಳ್ಳಿಹಾಕಿದರು. ಹಳ್ಳಿ ಅಜ್ಞಾನ, ಸಂಕುಚಿತತೆ, ಕೋಮುಭಾವನೆಗಳ ನೆಲೆ ಎಂಬುದು ಅವರ ಟೀಕೆಯ ಸಾರ. ನಮ್ಮ ಆಯಗಾರ ಪದ್ಧತಿಯನ್ನೇ ನೋಡಿ. ಕಮ್ಮಾರ, ಬಡಗಿ, ಕುಂಬಾರ, ಮಡಿವಾಳ, ತಳವಾರ ಇವರೆಲ್ಲ ಸುಗ್ಗಿಯಲ್ಲಿ ಕಣಕ್ಕೆ ಬಂದು ಕಾಳು ಅಳೆಸಿಕೊಂಡು ಹೋಗುತ್ತಿದ್ದರು. ಊರು ಸ್ವಾವಲಂಬಿ ಎನ್ನಿಸಿಕೊಂಡದ್ದು ಇವರ ದುಡಿಮೆಯಿಂದ. ಆದರೆ ಯಾವ ಕೆಲಸ ಯಾರದ್ದೆಂಬುದನ್ನು ಹುಟ್ಟು ತೀರ್ಮಾನಿಸುತ್ತಿತ್ತು. ಊರಾಚೆಯ ಕೇರಿಯವರಿಗೆ ಬಾವಿಯ ನೀರೂ ಇರಲಿಲ್ಲ, ಬಿತ್ತಲು ನೆಲವೂ ಇರಲಿಲ್ಲ. ತನ್ನ ಆಹಾರವನ್ನು ತಾನೇ ಬೆಳೆಯುವ ಮಾತು ನೆಲವಿದ್ದವನ ಮಾತು.

ಕರ್ನಾಟಕದಲ್ಲಿ ಈ ಮಾತಿಗೆ ಹೊಸ ಅರ್ಥ ಬಂದದ್ದು 1974ರ ಭೂಸುಧಾರಣೆಯಿಂದ. ಉಳುವವನೇ ಹೊಲದೊಡೆಯನಾದಾಗ ಗೇಣಿ ಅಳೆದು ಕೈ ಖಾಲಿ ಮಾಡಿಕೊಳ್ಳುತ್ತಿದ್ದ ಮನೆಗಳಲ್ಲಿ, ಮುಖ್ಯವಾಗಿ ಕರಾವಳಿ ಮತ್ತು ಮಲೆನಾಡಿನಲ್ಲಿ, ಬೆಳೆದ ಅಕ್ಕಿ ಉಳಿಯಿತು. ನನ್ನ ದೃಷ್ಟಿಯಲ್ಲಿ ನಮ್ಮ ರಾಜ್ಯದಲ್ಲಿ ಸ್ವಾವಲಂಬನೆಗೆ ನಡೆದ ಅತಿ ದೊಡ್ಡ ಕೆಲಸ ಅದು. 2020ರಲ್ಲಿ ಅದೇ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದದ್ದರಿಂದ ಕೃಷಿಕರಲ್ಲದವರೂ ಜಮೀನು ಕೊಳ್ಳಲು ದಾರಿಯಾಯಿತು. ನಗರದವರ ಎರಡೆಕರೆಯ ಕನಸಿಗೆ ಇದು ಬಾಗಿಲು. ಆ ಬಾಗಿಲಿನಲ್ಲಿ ಒಳಬರುವವರು ಒಂದು ಪ್ರಶ್ನೆಯನ್ನು ತಮಗೇ ಕೇಳಿಕೊಳ್ಳಬೇಕು. ಜಮೀನು ಮಾರಿ ಹೊರಟವರು ಎಲ್ಲಿಗೆ ಹೋದರು? ಮಾರಿದ ರೈತ ತನ್ನದೇ ಹೊಲದಲ್ಲಿ ಕೂಲಿಯಾಗಿ ಉಳಿದು, ಕೊಂಡವರ ಮನೆಗೆ ವಾರಕ್ಕೊಮ್ಮೆ ಸಾವಯವ ತರಕಾರಿ ಹೋಗುವುದಾದರೆ ಅದನ್ನು ತೋಟ ಎನ್ನೋಣ, ಸ್ವಾವಲಂಬನೆ ಎನ್ನುವುದು ಬೇಡ.

ದುಡಿಮೆಯ ಮಾತನ್ನೂ ಬಿಡುವಂತಿಲ್ಲ. ಹಿತ್ತಲಿನ ಸೊಗಸನ್ನು ಬರೆದವರು ಹೆಚ್ಚಾಗಿ ಗಂಡಸರು, ಹಿತ್ತಲಿಗೆ ಕೊಡ ಹೊತ್ತವರು ಹೆಂಗಸರು. ಕಳೆ ಕೀಳುವುದು, ನೀರು ಹಾಕುವುದು, ಬೀಜ ಒಣಗಿಸುವುದು, ಸಗಣಿ ಬಾಚುವುದು ಅಡುಗೆಯ ಕೆಲಸದ ಮೇಲೆ ಬೀಳುವ ಕೆಲಸ. ಮನೆಯ ಗಂಡಸರು ಕುಡುಗೋಲು, ಕೊಡ ಎರಡನ್ನೂ ಹಿಡಿಯಲು ಸಿದ್ಧರಿಲ್ಲದಿದ್ದರೆ ಈ ಬದುಕನ್ನು ಹೆಂಡತಿಯ ಮೇಲೆ ಹೇರಬೇಡಿ.

ಮಾತನ್ನು ಕೂಡಿಸುತ್ತೇನೆ. ಒಂಟಿ ಮನೆ ಎಲ್ಲವನ್ನೂ ತಾನೇ ಬೆಳೆದು ಬದುಕಿದ ಕಾಲ ನಮ್ಮಲ್ಲಿ ಇರಲಿಲ್ಲ. ಉಪ್ಪು ಗೋಕರ್ಣದ ಬಳಿಯ ಸಾಣಿಕಟ್ಟೆಯಂಥ ಆಗರಗಳಿಂದ ಬರುತ್ತಿತ್ತು, ಕುಡುಗೋಲು ಕಮ್ಮಾರನ ಕುಲುಮೆಯಿಂದ ಬರುತ್ತಿತ್ತು. ನಮ್ಮ ಹೊಲಗಳು ಪಾಲಿಸಿದ್ದು ಒಂದು ಕ್ರಮವನ್ನು. ಮೊದಲ ಪಾಲು ಮನೆಯ ತಟ್ಟೆಗೆ, ಎರಡನೆಯದು ಬೀಜಕ್ಕೆ, ಮೂರನೆಯದು ನೆರೆಹೊರೆಗೆ, ಮಿಕ್ಕದ್ದು ಮಾರುಕಟ್ಟೆಗೆ. ಈಗ ಆ ಕ್ರಮ ತಲೆಕೆಳಗಾಗಿದೆ. ಅದನ್ನು ನೆಟ್ಟಗೆ ಮಾಡುವುದು ಸಾಧ್ಯ, ಅದಕ್ಕೆ ಕಾಡಿಗೆ ಓಡಬೇಕಾಗಿಲ್ಲ, ಕೆಲಸ ಬಿಡಬೇಕಾಗಿಯೂ ಇಲ್ಲ.

ಮೂರು ವಿನಂತಿಗಳೊಂದಿಗೆ ಮುಗಿಸುತ್ತೇನೆ. ರೈತ ಬಂಧುಗಳು ಮಾರುವ ಬೆಳೆ ಯಾವುದೇ ಇರಲಿ, ನಾಲ್ಕು ಗುಂಟೆಯನ್ನು ಮನೆಯ ತರಕಾರಿಗೆ ಬಿಡಿ, ಹೊಲದಲ್ಲಿ ಅಕ್ಕಡಿ ಸಾಲನ್ನು ಮತ್ತೆ ಹಿಡಿಯಿರಿ. ನಗರದ ಮಿತ್ರರು ತಾರಸಿಯಲ್ಲಿ ಸೊಪ್ಪು ಬೆಳೆಯಿರಿ, ರಾಗಿ ಮತ್ತು ಬೇಳೆಯನ್ನು ಗುರುತಿನ ರೈತರಿಂದ ನ್ಯಾಯವಾದ ಬೆಲೆಗೆ ಕೊಳ್ಳಿರಿ. ಈ ಸಂಸ್ಥೆಯ ಹಿರಿಯರಲ್ಲಿ ಕೊನೆಯ ವಿನಂತಿ: ನಿಮ್ಮ ಆವರಣದಲ್ಲಿ ಖಾಲಿ ಬಿದ್ದಿರುವ ಜಾಗದ ಒಂದು ಭಾಗವನ್ನು ಈ ಮುಂಗಾರಿಗೆ ವಿದ್ಯಾರ್ಥಿಗಳ ಕೈಗೆ ಕೊಡಿ, ಅಲ್ಲಿ ಬೆಳೆದದ್ದು ಮೊದಲು ಹಾಸ್ಟೆಲಿನ ಅಡುಗೆಮನೆಗೆ ಹೋಗಲಿ.